‘ದಟ್’ಗಿಂತ ಮುಂಚೆ ಬರುವ ಕ್ರಿಯಾಪದ: ಇಮೇಲ್ ಕಳಿಸುವ, ಸಹಿ ಹಾಕುವ ಮುನ್ನ ತಿಳಿದಿರಬೇಕಾದ ಇಂಗ್ಲಿಷ್

ಗಲ್ಫ್‌ಗೆ ಬಂದ ಕನ್ನಡಿಗರಲ್ಲಿ ಹೆಚ್ಚಿನವರು ಹಿಂದಿ, ಮಲಯಾಳಂ, ಒಂದಿಷ್ಟು ಅರಬಿ ಸೇರಿಸಿ ಮಾತಿನ ವ್ಯವಹಾರ ಹೇಗೋ ನಿಭಾಯಿಸುತ್ತಾರೆ. ಕಷ್ಟ ಶುರುವಾಗುವುದು ಬರವಣಿಗೆಯಲ್ಲಿ. ರಜೆ ಅರ್ಜಿ, ಎಚ್‌ಆರ್‌ಗೆ ಇಮೇಲ್, ಸಂಬಳ ತಡವಾದ ಬಗ್ಗೆ ದೂರು, ಸೈಟಿನಲ್ಲಿ ಅಪಘಾತವಾದಾಗ ಕೊಡುವ ಹೇಳಿಕೆ, ಊರಿಗೆ ಹೊರಡುವಾಗ ಸಹಿ ಹಾಕುವ ಫೈನಲ್ ಸೆಟಲ್‌ಮೆಂಟ್ ಕಾಗದ, ಇವೆಲ್ಲ ಇಂಗ್ಲಿಷಿನಲ್ಲೋ ಅರಬಿ-ಇಂಗ್ಲಿಷ್ ಎರಡರಲ್ಲೋ ಇರುತ್ತವೆ.

ಇಂಥ ಕಾಗದಗಳಲ್ಲಿ ಒಂದೇ ಅಚ್ಚಿನ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಮೊದಲು ಒಬ್ಬ ವ್ಯಕ್ತಿ, ಆಮೇಲೆ ಒಂದು ಕ್ರಿಯಾಪದ, ಆಮೇಲೆ ‘ದಟ್’ ಎಂಬ ಸಣ್ಣ ಪದ, ಅದರ ನಂತರ ಒಂದು ಪೂರ್ತಿ ವಾಕ್ಯ. ‘ಐ ಕನ್ಫರ್ಮ್ ದಟ್...’, ‘ಹಿ ಸೆಡ್ ದಟ್...’, ‘ವಿ ಅಗ್ರೀ ದಟ್...’. ದಟ್ ನಂತರ ಬರುವುದು ವಿಷಯ. ದಟ್‌ಗಿಂತ ಮುಂಚೆ ಬರುವ ಕ್ರಿಯಾಪದ ಆ ವಿಷಯಕ್ಕೆ ಯಾರು ಎಷ್ಟು ಹೊಣೆ ಎಂಬುದನ್ನು ಹೇಳುತ್ತದೆ. ಆ ಒಂದು ಪದ ತಪ್ಪಿದರೆ, ಬೇರೆಯವರ ಹೊಣೆ ನಮ್ಮ ತಲೆಗೆ ಬರಬಹುದು.

‘ಅಂತ’ ಮತ್ತು ‘ದಟ್’

ಇಂಗ್ಲಿಷಿನ ದಟ್ ಮಾಡುವ ಕೆಲಸವನ್ನು ಕನ್ನಡದಲ್ಲಿ ‘ಎಂದು’ ಅಥವಾ ‘ಅಂತ’ ಮಾಡುತ್ತದೆ. ಆದರೆ ಜಾಗ ಅದಲುಬದಲು. ಕನ್ನಡದಲ್ಲಿ ಮೊದಲು ವಿಷಯ, ಆಮೇಲೆ ಅಂತ, ಕೊನೆಗೆ ಕ್ರಿಯಾಪದ: ‘ಸಂಬಳ ಬಂದಿಲ್ಲ ಅಂತ ಹೇಳಿದ’. ಇಂಗ್ಲಿಷಿನಲ್ಲಿ ಮೊದಲು ಕ್ರಿಯಾಪದ, ಆಮೇಲೆ ದಟ್, ಕೊನೆಗೆ ವಿಷಯ: ‘ಹಿ ಸೆಡ್ ದಟ್ ದಿ ಸ್ಯಾಲರಿ ಹ್ಯಾಡ್ ನಾಟ್ ಕಮ್’. ‘ದಟ್ ಮ್ಯಾನ್’ ಎಂದರೆ ‘ಆ ಮನುಷ್ಯ’. ಆ ದಟ್ ಬೇರೆ. ಇಲ್ಲಿ ಹೇಳುತ್ತಿರುವುದು ಎರಡು ವಾಕ್ಯಗಳನ್ನು ಜೋಡಿಸುವ ದಟ್ ಬಗ್ಗೆ ಮಾತ್ರ.

ಮಾತಿನಲ್ಲಿ ಈ ದಟ್ ಹೆಚ್ಚಾಗಿ ಬಿಟ್ಟುಹೋಗುತ್ತದೆ. ‘ಐ ಥಿಂಕ್ ಹಿ ಈಸ್ ಆನ್ ಲೀವ್’ ಅಂದರೆ ಸಾಕು, ತಪ್ಪಿಲ್ಲ. ಡಗ್ಲಾಸ್ ಬೈಬರ್ ಮತ್ತು ಸಂಗಡಿಗರು 1999ರಲ್ಲಿ ಹೊರತಂದ ದೊಡ್ಡ ಇಂಗ್ಲಿಷ್ ವ್ಯಾಕರಣ ಗ್ರಂಥದ ಪ್ರಕಾರ ಮಾತಿನಲ್ಲಿ ದಟ್ ವಾಕ್ಯದ ಜತೆ ಅತಿ ಹೆಚ್ಚು ಬರುವ ಕ್ರಿಯಾಪದಗಳು ಥಿಂಕ್, ಸೇ ಮತ್ತು ನೋ. ದಟ್ ಬಿಡುವುದು ಮಾತಿನಲ್ಲಿ ಸಾಮಾನ್ಯ, ವಿದ್ವತ್ ಬರಹದಲ್ಲಿ ಅಪರೂಪ ಎಂದೂ ಅದು ತೋರಿಸಿದೆ. ಆಫೀಸಿನ ಬರವಣಿಗೆಗೆ ಹೀಗೆ ನೆನಪಿಟ್ಟರೆ ಸಾಕು: ವಾಟ್ಸಾಪಿನಲ್ಲಿ ಬಿಡಬಹುದು, ಕಾಗದದಲ್ಲಿ ಬಿಡಬಾರದು. ಇನ್ಫಾರ್ಮ್, ಕನ್ಫರ್ಮ್, ಅಗ್ರೀ, ಡಿಕ್ಲೇರ್ ಇಂಥ ಪದಗಳ ನಂತರ ದಟ್ ಬರೆದರೆ ವಿಷಯ ಎಲ್ಲಿಂದ ಶುರು ಎಂಬುದು ಓದುವವನಿಗೆ ಸ್ಪಷ್ಟ.

‘ನಾನು’ ಅಂದರೆ ಯಾರು?

ಕನ್ನಡಿಗರು ಅತಿ ಹೆಚ್ಚು ಎಡವುವ ಜಾಗ ಇದು. ಕನ್ನಡದ ‘ಅಂತ’ ಹೇಳಿದವನ ಮಾತನ್ನು ಹಾಗೆ ಹಾಗೇ ಹೊತ್ತು ತರುತ್ತದೆ. ‘ನಾನು ಫೈನ್ ಕಟ್ತೇನೆ ಅಂತ ಮ್ಯಾನೇಜರ್ ಹೇಳಿದ್ರು’ ಎಂದರೆ ಫೈನ್ ಕಟ್ಟುವವರು ಮ್ಯಾನೇಜರ್. ಕೇಳಿದ ಯಾವ ಕನ್ನಡಿಗನಿಗೂ ಅನುಮಾನ ಬರುವುದಿಲ್ಲ.

ಇದನ್ನೇ ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತಂದರೆ ‘ದಿ ಮ್ಯಾನೇಜರ್ ಸೆಡ್ ದಟ್ ಐ ವಿಲ್ ಪೇ ದಿ ಫೈನ್’ ಆಗುತ್ತದೆ. ಈಗ ಅರ್ಥ ಉಲ್ಟಾ. ಇಂಗ್ಲಿಷಿನಲ್ಲಿ ದಟ್ ನಂತರದ ‘ಐ’ ಯಾವಾಗಲೂ ಬರೆಯುತ್ತಿರುವವನೇ. ಅಂದರೆ ಫೈನ್ ಕಟ್ಟಬೇಕಾದವನು ಕೆಲಸಗಾರ ಎಂದು ಅವನೇ ಬರೆದುಕೊಟ್ಟ ಹಾಗಾಯಿತು. ಸರಿಯಾದ ವಾಕ್ಯ: ‘ದಿ ಮ್ಯಾನೇಜರ್ ಸೆಡ್ ದಟ್ ಹಿ ವುಡ್ ಪೇ ದಿ ಫೈನ್’.

ಎರಡು ಬದಲಾವಣೆ ಗಮನಿಸಿ. ‘ಐ’ ಹೋಗಿ ‘ಹಿ’ ಬಂತು. ಹೇಳಿದ್ದು ಹಿಂದೆ ಆದ್ದರಿಂದ ‘ವಿಲ್’ ಹೋಗಿ ‘ವುಡ್’ ಬಂತು. ಎರಡನೆಯದು ತಪ್ಪಿದರೆ ವ್ಯಾಕರಣದ ತಪ್ಪು, ಅರ್ಥ ಹೆಚ್ಚೂಕಡಿಮೆ ಉಳಿಯುತ್ತದೆ. ಮೊದಲನೆಯದು ತಪ್ಪಿದರೆ ದುಡ್ಡು ಕೊಡಬೇಕಾದವನೇ ಬದಲಾಗುತ್ತಾನೆ.

‘ಹಿ’ ಯಾರು ಎಂಬ ಗೊಂದಲವೂ ಬರಬಹುದು. ಡ್ರೈವರ್ ಮತ್ತು ಮ್ಯಾನೇಜರ್ ಇಬ್ಬರೂ ಇರುವ ಪ್ರಸಂಗದಲ್ಲಿ ಸರ್ವನಾಮ ಬಿಟ್ಟು ನೇರವಾಗಿ ‘ದಿ ಮ್ಯಾನೇಜರ್ ಸೆಡ್ ದಟ್ ದಿ ಕಂಪನಿ ವುಡ್ ಪೇ’ ಎಂದೇ ಬರೆಯುವುದು ಒಳ್ಳೆಯದು. ಅಂದವಾಗಿ ಕಾಣದಿದ್ದರೂ ಲೆಕ್ಕ ಚುಕ್ತಾ ಇರುತ್ತದೆ.

ಯಾರಿಗೆ ಹೇಳಿದ್ದು?

ಕನ್ನಡದಲ್ಲಿ ‘ನನಗೆ ಹೇಳಿದ’, ‘ನನಗೆ ತಿಳಿಸಿದ’, ‘ನನಗೆ ವಿವರಿಸಿದ’ ಎಲ್ಲದಕ್ಕೂ ‘ನನಗೆ’ ಒಂದೇ. ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಮೂರು ಗುಂಪಾಗಿ ಬೇರೆಬೇರೆ ರೀತಿ ನಡೆಯುತ್ತವೆ.

ಮೊದಲ ಗುಂಪಿಗೆ ಕೇಳಿಸಿಕೊಳ್ಳುವ ವ್ಯಕ್ತಿ ಬೇಕೇ ಬೇಕು. ಟೆಲ್, ಇನ್ಫಾರ್ಮ್, ನೋಟಿಫೈ, ರಿಮೈಂಡ್, ಅಶ್ಯೂರ್ ಈ ಗುಂಪಿನವು. ‘ಹಿ ಟೋಲ್ಡ್ ಮಿ ದಟ್’, ‘ದಿಸ್ ಈಸ್ ಟು ಇನ್ಫಾರ್ಮ್ ಯು ದಟ್’. ನಮ್ಮವರ ಪತ್ರಗಳಲ್ಲಿ ‘ದಿಸ್ ಈಸ್ ಟು ಇನ್ಫಾರ್ಮ್ ದಟ್’ ಎಂದು ‘ಯು’ ಬಿಟ್ಟುಹೋಗುವುದು ತುಂಬಾ ಸಾಮಾನ್ಯ.

ಎರಡನೇ ಗುಂಪಿನಲ್ಲಿ ವ್ಯಕ್ತಿಯನ್ನು ಹೇಳಬೇಕಾದರೆ ನಡುವೆ ‘ಟು’ ಬರಲೇಬೇಕು. ಸೇ, ಎಕ್ಸ್‌ಪ್ಲೈನ್, ಮೆನ್ಷನ್, ರಿಪೋರ್ಟ್, ಕಂಪ್ಲೇನ್, ಅಡ್ಮಿಟ್, ಸಜೆಸ್ಟ್ ಇಲ್ಲಿ ಸೇರುತ್ತವೆ. ‘ಹಿ ಎಕ್ಸ್‌ಪ್ಲೈನ್ಡ್ ಮಿ ದಟ್’ ತಪ್ಪು. ‘ಹಿ ಎಕ್ಸ್‌ಪ್ಲೈನ್ಡ್ ಟು ಮಿ ದಟ್’ ಸರಿ.

ಮೂರನೇ ಗುಂಪು ಎರಡೂ ಕಡೆ ಸಲ್ಲುತ್ತದೆ. ಪ್ರಾಮಿಸ್ ಮತ್ತು ವಾರ್ನ್ ಇದರಲ್ಲಿವೆ. ‘ಹಿ ಪ್ರಾಮಿಸ್ಡ್ ದಟ್’ ಅಂದರೂ ಸರಿ, ‘ಹಿ ಪ್ರಾಮಿಸ್ಡ್ ಮಿ ದಟ್’ ಅಂದರೂ ಸರಿ. ದೂರು ಬರೆಯುವಾಗ ಎರಡನೆಯದೇ ಒಳ್ಳೆಯದು. ಮಾತು ಕೊಟ್ಟದ್ದು ಯಾರಿಗೆ ಎಂಬುದು ಅದರಲ್ಲಿ ದಾಖಲಾಗುತ್ತದೆ.

‘ಇಲ್ಲ’ ಎಲ್ಲಿ ಇಡಬೇಕು?

‘ಅವನು ಬರಲಿಕ್ಕಿಲ್ಲ ಅಂತ ಕಾಣ್ತದೆ’ ಎಂಬುದು ನಮ್ಮ ರೂಢಿ. ಇಂಗ್ಲಿಷಿನಲ್ಲಿ ಥಿಂಕ್, ಬಿಲೀವ್ ಬಂದಾಗ ‘ನಾಟ್’ ಮುಂದಕ್ಕೆ ಜಿಗಿಯುತ್ತದೆ: ‘ಐ ಡೋಂಟ್ ಥಿಂಕ್ ಹಿ ವಿಲ್ ಕಮ್’. ಹೋಪ್ ಬಂದಾಗ ಹಾಗಲ್ಲ, ‘ಐ ಹೋಪ್ ದಟ್ ಹಿ ವಿಲ್ ನಾಟ್ ಕಮ್’ ಎಂದೇ ಆಗಬೇಕು. ಇಷ್ಟರಲ್ಲಿ ನಷ್ಟವೇನೂ ಇಲ್ಲ, ಬರೀ ಕಿವಿಗೆ ಕೇಳುವ ರೀತಿ.

ಬೇರೆ ಕ್ರಿಯಾಪದಗಳಲ್ಲಿ ‘ನಾಟ್’ ಜಾಗ ಬದಲಾದರೆ ಅರ್ಥವೇ ಬೇರೆ. ‘ಐ ಕನ್ಫರ್ಮ್ ದಟ್ ದಿ ಸ್ಯಾಲರಿ ವಾಸ್ ನಾಟ್ ಪೇಯ್ಡ್’ ಎಂದರೆ ಸಂಬಳ ಕೊಟ್ಟಿಲ್ಲ, ಖಚಿತ. ‘ಐ ಕ್ಯಾನಾಟ್ ಕನ್ಫರ್ಮ್ ದಟ್ ದಿ ಸ್ಯಾಲರಿ ವಾಸ್ ಪೇಯ್ಡ್’ ಎಂದರೆ ಕೊಟ್ಟರೋ ಇಲ್ಲವೋ ಖಚಿತವಾಗಿ ಹೇಳಲಾರೆ. ಮೊದಲನೆಯದು ದೂರು. ಎರಡನೆಯದು ‘ನನಗೆ ಗೊತ್ತಿಲ್ಲ’ ಎಂಬ ಉತ್ತರ.

‘ಡಿನೈ’ ಇನ್ನೂ ಅಪಾಯದ ಪದ. ಅದರ ಹೊಟ್ಟೆಯಲ್ಲೇ ‘ಇಲ್ಲ’ ಇದೆ. ‘ನಾನು ದುಡ್ಡು ತೆಗೆದಿಲ್ಲ ಅಂತ ಅಲ್ಲಗಳೆದೆ’ ಎಂದು ಕನ್ನಡದಲ್ಲಿ ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ. ಅದನ್ನೇ ‘ಐ ಡಿನೈ ದಟ್ ಐ ಡಿಡ್ ನಾಟ್ ಟೇಕ್ ದಿ ಮನಿ’ ಎಂದು ಬರೆದರೆ ಎರಡು ‘ಇಲ್ಲ’ ಒಂದಕ್ಕೊಂದು ವಜಾ ಆಗಿ, ‘ದುಡ್ಡು ತೆಗೆದದ್ದು ಹೌದು’ ಎಂಬ ಅರ್ಥ ಉಳಿಯುತ್ತದೆ. ಸರಿಯಾದದ್ದು ‘ಐ ಡಿನೈ ದಟ್ ಐ ಟುಕ್ ದಿ ಮನಿ’. ಧೈರ್ಯ ಬರದಿದ್ದರೆ ಡಿನೈ ಬಿಟ್ಟು ‘ಐ ಡಿಡ್ ನಾಟ್ ಟೇಕ್ ದಿ ಮನಿ’ ಎಂದು ಬರೆದು ಮುಗಿಸುವುದೇ ಕ್ಷೇಮ.

ಡೌಟು ಮತ್ತು ಸಸ್ಪೆಕ್ಟ್

ನಮ್ಮ ಆಡುಮಾತಿನ ‘ಡೌಟು’ ಬಹಳ ಕೆಲಸ ಮಾಡುತ್ತದೆ. ಪ್ರಶ್ನೆ ಕೇಳಬೇಕಾದರೂ ‘ಒಂದು ಡೌಟು’, ಯಾರ ಮೇಲೋ ಗುಮಾನಿ ಬಂದರೂ ‘ಅವನ ಮೇಲೆ ಡೌಟು’. ಇಂಗ್ಲಿಷಿನ ‘ಐ ಡೌಟ್ ದಟ್’ ಎಂಬುದಕ್ಕೆ ಇರುವ ಅರ್ಥ ‘ಅದು ನಿಜ ಅಂತ ನನಗೆ ಅನಿಸುವುದಿಲ್ಲ’ ಎಂಬುದು.

ಆದ್ದರಿಂದ ‘ಐ ಡೌಟ್ ದಟ್ ಹಿ ಟುಕ್ ದಿ ಕೀ’ ಎಂದರೆ ‘ಅವನು ಕೀ ತೆಗೆದಿರಲಾರ’. ‘ಅವನೇ ತೆಗೆದಿರಬೇಕು’ ಎನ್ನಲು ‘ಐ ಸಸ್ಪೆಕ್ಟ್ ದಟ್ ಹಿ ಟುಕ್ ದಿ ಕೀ’ ಎನ್ನಬೇಕು. ಎರಡಕ್ಕೂ ಅಜಗಜಾಂತರ. ಒಂದರಲ್ಲಿ ರೂಮ್‌ಮೇಟ್ ಪಾರಾಗುತ್ತಾನೆ, ಇನ್ನೊಂದರಲ್ಲಿ ಸಿಕ್ಕಿಬೀಳುತ್ತಾನೆ. ಬರೀ ಪ್ರಶ್ನೆ ಇದ್ದರೆ ‘ಐ ಹ್ಯಾವ್ ಎ ಕ್ವೆಶ್ಚನ್’ ಸಾಕು.

ಹೀಗೇ ‘ಕ್ಲೈಮ್’. ಬಿಲ್ ಕ್ಲೈಮ್, ಇನ್ಶೂರೆನ್ಸ್ ಕ್ಲೈಮ್ ನಮಗೆ ಗೊತ್ತು. ‘ಹಿ ಕ್ಲೈಮ್ಸ್ ದಟ್ ಹಿ ವಾಸ್ ಸಿಕ್’ ಎಂದರೆ ‘ಕಾಯಿಲೆ ಇತ್ತು ಅಂತ ಅವನು ಹೇಳ್ತಾನೆ, ನಿಜವೋ ಸುಳ್ಳೋ ಗೊತ್ತಿಲ್ಲ’ ಎಂಬ ಧ್ವನಿ. ತನ್ನ ಪರವಾಗಿ ಹೇಳಬೇಕಾದಾಗ ‘ಐ ಕ್ಲೈಮ್ ದಟ್ ಐ ವಾಸ್ ಸಿಕ್’ ಎಂದು ಬರೆದರೆ ತನ್ನ ಮಾತಿಗೆ ತಾನೇ ಅನುಮಾನ ಹಚ್ಚಿದಂತೆ.

ಒಪ್ಪಿಕೊಂಡಂತೆ ಆಗುವ ಪದಗಳು

ಕೆಲವು ಕ್ರಿಯಾಪದಗಳ ಹಿಂದೆ ಬರುವ ವಿಷಯ ಸತ್ಯ ಎಂದು ಮೊದಲೇ ಒಪ್ಪಿಕೊಂಡ ಹಾಗೆ. ನೋ, ರಿಯಲೈಸ್, ಫರ್ಗೆಟ್, ರಿಗ್ರೆಟ್, ಅಡ್ಮಿಟ್ ಇಂಥವು. ‘ನಾಟ್’ ಸೇರಿಸಿದರೂ ಒಪ್ಪಿಗೆ ಅಳಿಯುವುದಿಲ್ಲ. ‘ಐ ಡಿಡ್ ನಾಟ್ ನೋ ದಟ್ ದಿ ಮಷೀನ್ ವಾಸ್ ಡ್ಯಾಮೇಜ್ಡ್’ ಎಂದವನು ಮಷೀನ್ ಹಾಳಾಗಿತ್ತು ಎಂಬುದನ್ನು ಒಪ್ಪಿದ್ದಾನೆ. ‘ಐ ರಿಗ್ರೆಟ್ ದಟ್ ಐ ಡ್ಯಾಮೇಜ್ಡ್ ಇಟ್’ ಎಂದವನು ಹಾಳು ಮಾಡಿದ್ದು ತಾನೇ ಎಂದು ಒಪ್ಪಿದ್ದಾನೆ.

ಅಪಘಾತದ ಹೇಳಿಕೆ ಬರೆಯುವಾಗ ಸೌಜನ್ಯಕ್ಕೆ ‘ಸಾರಿ’ ಸೇರಿಸುವ ಅಭ್ಯಾಸ ನಮ್ಮವರಲ್ಲಿ ಇದೆ. ‘ಐ ಆಮ್ ಸಾರಿ ದಟ್ ದಿ ಆಕ್ಸಿಡೆಂಟ್ ಹ್ಯಾಪನ್ಡ್’ ಎಂಬುದರಲ್ಲಿ ಬರೀ ವಿಷಾದ ಇದೆ. ‘ಐ ಆಮ್ ಸಾರಿ ದಟ್ ಐ ಕಾಸ್ಡ್ ದಿ ಆಕ್ಸಿಡೆಂಟ್’ ಎಂಬುದರಲ್ಲಿ ತಪ್ಪೊಪ್ಪಿಗೆ ಇದೆ. ತಪ್ಪು ತನ್ನದು ಹೌದಾದರೆ ಒಪ್ಪಿಕೊಳ್ಳುವುದು ಸರಿಯೇ. ತನ್ನದಲ್ಲದ ತಪ್ಪನ್ನು ವಿನಯದ ಹೆಸರಲ್ಲಿ ಬರೆದುಕೊಡಬಾರದು.

ಆಗಬೇಕು ಅಂತ ಹೇಳಿದ್ದೋ, ಆಗಿದೆ ಅಂತ ಹೇಳಿದ್ದೋ?

ಸಜೆಸ್ಟ್, ರೆಕಮೆಂಡ್, ರಿಕ್ವೆಸ್ಟ್, ಡಿಮ್ಯಾಂಡ್, ಇನ್ಸಿಸ್ಟ್ ಬಂದು, ‘ಹೀಗೆ ಆಗಬೇಕು’ ಎಂಬ ಅರ್ಥ ಇದ್ದರೆ, ದಟ್ ನಂತರದ ಕ್ರಿಯಾಪದ ಮೂಲ ರೂಪದಲ್ಲೇ ನಿಲ್ಲುತ್ತದೆ. ‘ದಿ ಡಾಕ್ಟರ್ ರೆಕಮೆಂಡೆಡ್ ದಟ್ ಹಿ ರೆಸ್ಟ್ ಫಾರ್ ತ್ರೀ ಡೇಸ್’. ಇಲ್ಲಿ ‘ರೆಸ್ಟ್ಸ್’ ಇಲ್ಲ, ‘ರೆಸ್ಟೆಡ್’ ಇಲ್ಲ. ಬ್ರಿಟಿಷ್ ರೂಢಿಯಲ್ಲಿ ‘ಹಿ ಶುಡ್ ರೆಸ್ಟ್’ ಎಂದೂ ಬರೆಯುತ್ತಾರೆ.

ಈ ಸಣ್ಣ ವ್ಯತ್ಯಾಸಕ್ಕೆ ಬೆಲೆ ಇದೆ. ‘ದಿ ಫೋರ್‌ಮನ್ ಇನ್ಸಿಸ್ಟೆಡ್ ದಟ್ ಹಿ ವೇರ್ ಎ ಹೆಲ್ಮೆಟ್’ ಎಂದರೆ ಹೆಲ್ಮೆಟ್ ಹಾಕಲೇಬೇಕು ಎಂದು ಫೋರ್‌ಮನ್ ಪಟ್ಟುಹಿಡಿದ. ‘ಇನ್ಸಿಸ್ಟೆಡ್ ದಟ್ ಹಿ ವಾಸ್ ವೇರಿಂಗ್ ಎ ಹೆಲ್ಮೆಟ್’ ಎಂದರೆ ಅವನು ಹೆಲ್ಮೆಟ್ ಹಾಕಿಕೊಂಡಿದ್ದ ಎಂದು ಫೋರ್‌ಮನ್ ಗಟ್ಟಿಯಾಗಿ ಹೇಳಿದ. ಒಂದು ಆದೇಶ, ಇನ್ನೊಂದು ಸಾಕ್ಷಿ.

‘ವಾಂಟ್’ ನಂತರ ಮಾತ್ರ ದಟ್ ಬರುವುದಿಲ್ಲ. ‘ಐ ವಾಂಟ್ ದಟ್ ಯು ರಿಟರ್ನ್ ಮೈ ಪಾಸ್‌ಪೋರ್ಟ್’ ತಪ್ಪು. ‘ಐ ವಾಂಟ್ ಯು ಟು ರಿಟರ್ನ್ ಮೈ ಪಾಸ್‌ಪೋರ್ಟ್’ ಸರಿ, ಆದರೆ ಒರಟು. ಇಮೇಲ್‌ಗೆ ಒಪ್ಪುವುದು ‘ಐ ರಿಕ್ವೆಸ್ಟ್ ದಟ್ ಮೈ ಪಾಸ್‌ಪೋರ್ಟ್ ಬಿ ರಿಟರ್ನ್ಡ್ ಟು ಮಿ’. ಯುಎಇಯಲ್ಲಿ ಕೆಲಸಗಾರನ ಅಧಿಕೃತ ದಾಖಲೆಗಳನ್ನು ಮಾಲೀಕ ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ. ಹಾಗಾಗಿ ಇದು ಹಕ್ಕಿನ ಮಾತು, ಮೆತ್ತಗೆ ಬರೆದರೂ ಗಟ್ಟಿಯಾಗಿ ನಿಲ್ಲುತ್ತದೆ.

ಸುರಕ್ಷತೆಯ ಬೋರ್ಡುಗಳಲ್ಲಿ ಎರಡು ಪದ ನೋಡಿಕೊಳ್ಳಬೇಕು. ‘ಎನ್ಶೂರ್ ದಟ್ ದಿ ಪವರ್ ಈಸ್ ಆಫ್’ ಎಂದರೆ ಕರೆಂಟ್ ಆಫ್ ಆಗಿದೆಯಾ ಅಂತ ನೀವೇ ಖಾತ್ರಿ ಮಾಡಿಕೊಳ್ಳಿ. ಬೇರೆಯವರು ಆಫ್ ಮಾಡಿರುತ್ತಾರೆ ಎಂದು ನಂಬುವಂತಿಲ್ಲ. ‘ರಿಮೆಂಬರ್ ದಟ್’ ಎಂದರೆ ಇರುವ ಸಂಗತಿ ನೆನಪಿಡುವುದು, ‘ರಿಮೆಂಬರ್ ಟು’ ಎಂದರೆ ಮಾಡಬೇಕಾದ ಕೆಲಸ ಮರೆಯದಿರುವುದು. ‘ರಿಮೆಂಬರ್ ಟು ಲಾಕ್ ದಿ ಗೇಟ್’ ಅಂದಾಗ ಗೇಟ್ ಇನ್ನೂ ತೆರೆದೇ ಇದೆ.

ಸಹಿ ಹಾಕುವ ಕಾಗದದ ಕ್ರಿಯಾಪದಗಳು

ಯುಎಇ ಕಾರ್ಮಿಕ ಸಚಿವಾಲಯ 2016ರಲ್ಲಿ ಜಾರಿಗೆ ತಂದ ಪದ್ಧತಿಯಂತೆ ಆಫರ್ ಲೆಟರ್ ಅರಬಿ, ಇಂಗ್ಲಿಷ್ ಅಲ್ಲದೆ ಕೆಲಸಗಾರನಿಗೆ ತಿಳಿಯುವ ಮೂರನೇ ಭಾಷೆಯಲ್ಲೂ ಸಿಗಬೇಕು. ಆಗ ಕೊಟ್ಟ ಭಾಷೆಗಳಲ್ಲಿ ಹಿಂದಿ, ಉರ್ದು, ಮಲಯಾಳಂ, ತಮಿಳು, ಬಂಗಾಳಿ ಇದ್ದವು, ಕನ್ನಡ ಇರಲಿಲ್ಲ. ಕೆಲಸ ಬಿಡುವಾಗ ಕಂಪನಿಯೇ ತಯಾರಿಸುವ ಕಾಗದಗಳು ಹೆಚ್ಚಾಗಿ ಇಂಗ್ಲಿಷ್ ಮತ್ತು ಅರಬಿಯಲ್ಲೇ ಬರುತ್ತವೆ. ಆದ್ದರಿಂದ ಈ ಕೆಲವು ಪದಗಳನ್ನಾದರೂ ಗುರುತು ಹಿಡಿಯಲು ಕಲಿತಿರಬೇಕು.

ಐ ಅಂಡರ್‌ಸ್ಟ್ಯಾಂಡ್ ದಟ್: ಮಾತಿನಲ್ಲಿ ‘ನನಗೆ ಗೊತ್ತು’. ಕಾಗದದಲ್ಲಿ ‘ಈ ನಿಯಮ ನನಗೆ ತಿಳಿಸಿದ್ದಾರೆ, ಮುಂದೆ ಗೊತ್ತಿರಲಿಲ್ಲ ಅನ್ನುವುದಿಲ್ಲ’.

ಐ ಅಗ್ರೀ ದಟ್: ಒಪ್ಪಿದ್ದೇನೆ. ‘ಐ ಅಗ್ರೀ ದಟ್ ದಿ ಕಾಸ್ಟ್ ಮೇ ಬಿ ಡಿಡಕ್ಟೆಡ್ ಫ್ರಮ್ ಮೈ ಸ್ಯಾಲರಿ’ ಎಂದಿದ್ದರೆ ಸಂಬಳದಲ್ಲಿ ಕಡಿತಕ್ಕೆ ಒಪ್ಪಿಗೆ ಎಂದು ಓದಿಕೊಳ್ಳಬೇಕು.

ಐ ಡಿಕ್ಲೇರ್ ದಟ್: ಘೋಷಿಸುತ್ತೇನೆ. ವಿಷಯ ಸುಳ್ಳಾದರೆ ಜವಾಬ್ದಾರಿ ಸಹಿ ಹಾಕಿದವನದ್ದೇ.

ಐ ಅಂಡರ್‌ಟೇಕ್ ದಟ್: ಮುಂದೆ ಹೀಗೇ ನಡೆದುಕೊಳ್ಳುತ್ತೇನೆ ಎಂಬ ಮುಚ್ಚಳಿಕೆ.

ಐ ಅಕ್ನಾಲೆಜ್ ದಟ್: ಇದು ನಿಜ ಎಂದು ಒಪ್ಪುತ್ತೇನೆ.

ಕೊನೆಯದರಲ್ಲೇ ಹೆಚ್ಚು ಜನ ಮೋಸಹೋಗುವುದು. ಅಕ್ನಾಲೆಜ್‌ಮೆಂಟ್ ಎಂದರೆ ಊರಿನ ಪೋಸ್ಟ್ ಆಫೀಸಿನಲ್ಲಿ ಸಿಗುವ ಸ್ವೀಕೃತಿ ಎಂದೇ ನಮ್ಮ ತಲೆಯಲ್ಲಿ ಇರುತ್ತದೆ. ‘ಐ ಅಕ್ನಾಲೆಜ್ ರಿಸೀಟ್ ಆಫ್ ದಿಸ್ ಲೆಟರ್’ ಎಂದಿದ್ದರೆ ಹೌದು, ಅದು ಸ್ವೀಕೃತಿ ಮಾತ್ರ. ‘ಐ ಅಕ್ನಾಲೆಜ್ ದಟ್ ಐ ವಾಸ್ ಆಬ್ಸೆಂಟ್ ವಿದೌಟ್ ಪರ್ಮಿಷನ್’ ಎಂದಿದ್ದರೆ ಅದು ತಪ್ಪೊಪ್ಪಿಗೆ. ವಾರ್ನಿಂಗ್ ಲೆಟರ್ ಕೈಗೆ ಬಂದಾಗ ಕಾಗದ ಸಿಕ್ಕಿದೆ ಎಂದಷ್ಟೇ ತಿಳಿಸಬೇಕಿದ್ದರೆ, ಸಹಿಯ ಪಕ್ಕ ‘ರಿಸೀವ್ಡ್ ಓನ್ಲಿ’ ಎಂದು ಬರೆದು ತಾರೀಕು ಹಾಕಬಹುದು.

ಫೈನಲ್ ಸೆಟಲ್‌ಮೆಂಟ್: ಎಷ್ಟು ದಟ್ ಇವೆ ಎಣಿಸಿ

ಕೆಲಸ ಬಿಡುವಾಗಿನ ಕಾಗದದಲ್ಲಿ ಸಾಮಾನ್ಯವಾಗಿ ಇಂಥ ವಾಕ್ಯ ಇರುತ್ತದೆ: ‘ಐ ಕನ್ಫರ್ಮ್ ದಟ್ ಐ ಹ್ಯಾವ್ ರಿಸೀವ್ಡ್ ಆಲ್ ಮೈ ಡ್ಯೂಸ್ ಅಂಡ್ ದಟ್ ಐ ಹ್ಯಾವ್ ನೋ ಫರ್ದರ್ ಕ್ಲೈಮ್ ಅಗೇನ್ಸ್ಟ್ ದಿ ಕಂಪನಿ’.

ಕ್ರಿಯಾಪದ ಒಂದೇ, ‘ಕನ್ಫರ್ಮ್’. ದಟ್ ಎರಡು. ಅಂದರೆ ಒಂದೇ ಸಹಿಯಲ್ಲಿ ಎರಡು ಹೇಳಿಕೆ. ಒಂದು, ಬರಬೇಕಾದ ದುಡ್ಡೆಲ್ಲ ಕೈಗೆ ಬಂದಿದೆ. ಎರಡು, ಇನ್ನು ಮುಂದೆ ಕಂಪನಿ ಮೇಲೆ ಯಾವ ಬಾಕಿಯನ್ನೂ ಕೇಳುವುದಿಲ್ಲ. ‘ಹ್ಯಾವ್ ರಿಸೀವ್ಡ್’ ಎಂಬುದು ಆಗಿಹೋದ ಕೆಲಸದ ರೂಪ. ‘ಮುಂದಿನ ವಾರ ಟ್ರಾನ್ಸ್‌ಫರ್ ಮಾಡ್ತೇವೆ, ಈಗ ಸಹಿ ಹಾಕಿ’ ಎಂದು ಬಾಯಲ್ಲಿ ಹೇಳಿದರೂ ಕಾಗದ ಹೇಳುವುದು ‘ಬಂದಾಗಿದೆ’ ಅಂತಲೇ.

ಸಹಿಗೆ ಮುಂಚೆ ಬರಬೇಕಾದದ್ದೆಷ್ಟು ಎಂದು ಲೆಕ್ಕ ಹಾಕಿಕೊಂಡಿರಬೇಕು. ಯುಎಇಯ 2021ರ 33ನೇ ಕಾರ್ಮಿಕ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರಂತೆ ಒಂದು ವರ್ಷ ಪೂರೈಸಿದ ವಿದೇಶಿ ಕೆಲಸಗಾರನಿಗೆ ಮೊದಲ 5 ವರ್ಷಗಳ ಮಟ್ಟಿಗೆ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಮೂಲವೇತನ ಗ್ರಾಚ್ಯುಟಿ. ಮೂಲವೇತನ 1,500 ದಿರ್ಹಮ್ ಇದ್ದವನಿಗೆ ದಿನಕ್ಕೆ 50 ದಿರ್ಹಮ್, 21 ದಿನಕ್ಕೆ 1,050. 4 ವರ್ಷ ದುಡಿದಿದ್ದರೆ 4,200 ದಿರ್ಹಮ್. ಇದರ ಮೇಲೆ ಬಾಕಿ ಸಂಬಳ, ಬಳಸದ ರಜೆಯ ಹಣ ಬೇರೆ. ಕೆಲಸ ಮುಗಿದ 14 ದಿನದೊಳಗೆ ಬಾಕಿ ಕೊಡಬೇಕು ಎಂದೂ ಕಾನೂನು ಹೇಳುತ್ತದೆ. ಮನೆಗೆಲಸದವರಿಗೆ ಹಾಗೂ ದುಬೈ, ಅಬುಧಾಬಿಯ ಹಣಕಾಸು ವಲಯಗಳಲ್ಲಿ ದುಡಿಯುವವರಿಗೆ ಬೇರೆ ಕಾನೂನು. ಸೌದಿ, ಕತಾರ್, ಕುವೈತ್, ಒಮಾನ್, ಬಹರೈನ್‌ಗಳಲ್ಲಿ ಆಯಾ ದೇಶದ ಲೆಕ್ಕ.

ದುಡ್ಡು ಪೂರ್ತಿ ಬಂದಿಲ್ಲವಾದರೆ ‘ಆಲ್ ಮೈ ಡ್ಯೂಸ್’ ಎಂಬಲ್ಲಿ ಬಂದ ಮೊತ್ತವನ್ನೇ ಬರೆಯಲು ಕೇಳಬೇಕು: ‘ಐ ಕನ್ಫರ್ಮ್ ದಟ್ ಐ ಹ್ಯಾವ್ ರಿಸೀವ್ಡ್ 2,000 ದಿರ್ಹಮ್ಸ್’. ಇದು ಪೂರ್ತಿ ನಿಜ, ಬಾಕಿ ಕೇಳುವ ದಾರಿಗೂ ಅಡ್ಡ ಬರುವುದಿಲ್ಲ. ಅರಬಿ ಪಠ್ಯವೂ ಇದ್ದರೆ ಅದನ್ನು ಬಲ್ಲವರಿಂದ ಓದಿಸಿಕೊಳ್ಳಬೇಕು. ಯುಎಇಯಲ್ಲಿ ಎರಡು ಭಾಷೆಗಳ ನಡುವೆ ವ್ಯತ್ಯಾಸ ಬಂದರೆ ಅರಬಿಯದೇ ಮಾನ್ಯ. ಕಾಗದದ ಫೋಟೋ ಮೊಬೈಲಿನಲ್ಲಿ ಇರಲಿ. ಅನುಮಾನ ಇದ್ದರೆ ಕಾರ್ಮಿಕ ಸಚಿವಾಲಯವನ್ನೋ ಭಾರತೀಯ ದೂತಾವಾಸದ ಸಹಾಯ ಕೇಂದ್ರವನ್ನೋ ಕೇಳಿ ಮುಂದುವರಿಯಬಹುದು.

ಮೂರು ಪ್ರಶ್ನೆ

ಇಷ್ಟೆಲ್ಲ ನೆನಪಿಡಲು ಆಗದಿದ್ದರೆ, ಇಂಗ್ಲಿಷ್ ಕಾಗದ ಕೈಗೆ ಬಂದಾಗ ದಟ್ ಎಲ್ಲೆಲ್ಲಿದೆ ನೋಡಿ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಪ್ರತಿ ದಟ್‌ಗೂ ಮೂರು ಪ್ರಶ್ನೆ ಕೇಳಿ. ಇದರ ಹಿಂದಿನ ಕ್ರಿಯಾಪದ ಬರೀ ಹೇಳುತ್ತಿದೆಯೋ, ಒಪ್ಪುತ್ತಿದೆಯೋ, ಮಾತು ಕೊಡುತ್ತಿದೆಯೋ? ಇದರ ಮುಂದಿನ ‘ಐ’, ‘ಹಿ’, ‘ಯು’ ಯಾರು? ‘ನಾಟ್’ ಇದ್ದರೆ ಅದು ದಟ್‌ಗಿಂತ ಮೊದಲೋ, ಆಮೇಲೋ? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಪೆನ್ ಕೈಗೆತ್ತಿಕೊಂಡರೆ ಸಾಕು. ಉತ್ತರ ಸಿಗದಿದ್ದರೆ, ‘ಐ ನೀಡ್ ಟೈಮ್ ಟು ರೀಡ್ ದಿಸ್’ ಎಂದು ಹೇಳಿ ಒಂದು ದಿನದ ಸಮಯ ಕೇಳಬಹುದು.